ಅನಸ್ತೇಷಿಯಾ ಡಾಕ್ಟರ್: ಆಪರೇಷನ್ ಮುಗಿಯುವವರೆಗೆ ಪಕ್ಕ ಬಿಡದವರು

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದು ಗೊತ್ತಾದ ಕೂಡಲೇ ಬರುವ ಮೊದಲ ಪ್ರಶ್ನೆ, ‘ಡಾಕ್ಟರ್ ಯಾರು?’. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಾದರೆ ಅರ್ಧ ಗಂಟೆಯೊಳಗೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮಂಗಳೂರಿನ ನಾಲ್ಕು ಸರ್ಜನ್‌ಗಳ ಕೈಗುಣದ ಚರ್ಚೆಯೇ ಮುಗಿದಿರುತ್ತದೆ. ಅನಸ್ತೇಷಿಯಾ ಕೊಡುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ‘ಅದು ಒಂದು ಇಂಜೆಕ್ಷನ್ ಅಲ್ವಾ, ಕೊಟ್ಟು ಹೋಗ್ತಾರೆ’ ಎಂಬುದು ಹೆಚ್ಚಿನವರ ತಿಳುವಳಿಕೆ.

ಕೊಟ್ಟು ಹೋಗುವುದಿಲ್ಲ. ಕೊಟ್ಟ ಮೇಲೆಯೇ ಅವರ ಕೆಲಸ ಶುರು. ಪೂರ್ಣ ಅರಿವಳಿಕೆ ಕೊಟ್ಟಾಗ ರೋಗಿಗೆ ಬರುವುದು ಸಾಮಾನ್ಯ ನಿದ್ದೆಯಲ್ಲ. ನಿದ್ದೆಯಲ್ಲಿರುವವನು ಉಸಿರಾಡುತ್ತಾನೆ, ಕೆಮ್ಮುತ್ತಾನೆ, ಚುಚ್ಚಿದರೆ ಎದ್ದು ಕೂರುತ್ತಾನೆ. ಇಲ್ಲಿ ಸ್ನಾಯುಗಳನ್ನು ಸಡಿಲಗೊಳಿಸುವ ಮದ್ದು ಕೊಟ್ಟ ಮೇಲೆ ಉಸಿರೂ ನಿಲ್ಲುತ್ತದೆ. ಆಪರೇಷನ್ ಮುಗಿಯುವವರೆಗೆ ಆ ಉಸಿರು, ರಕ್ತದೊತ್ತಡ, ದೇಹದ ಶಾಖ, ನೋವು ಎಲ್ಲವೂ ಇನ್ನೊಬ್ಬರ ಕೈಯಲ್ಲಿ. ಆ ಇನ್ನೊಬ್ಬರೇ ಅರಿವಳಿಕೆ ತಜ್ಞರು.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬವರು ಈಥರ್ ಕೊಟ್ಟು, ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯ ಎಂದು ಎಲ್ಲರೆದುರು ತೋರಿಸಿದರು. ವಿಶ್ವ ಅನಸ್ತೇಷಿಯಾ ದಿನ ಆಚರಿಸುವುದು ಆ ತಾರೀಕಿನಂದೇ. ನಮ್ಮ ದೇಶದ ಪಾಲೂ ಸಣ್ಣದಲ್ಲ. ಕ್ಲೋರೋಫಾರಂ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು ನಿಜಾಮರ ನೆರವಿನಿಂದ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಅಲ್ಲಿನ ಮೆಡಿಕಲ್ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಗುರುತಿಸಲಾಗುತ್ತದೆ.

ಹಿಂದಿನ ದಿನದ ಪ್ರಶ್ನೆಗಳು

ಅರಿವಳಿಕೆ ತಜ್ಞರನ್ನು ರೋಗಿ ಮೊದಲು ಭೇಟಿಯಾಗುವುದು ಆಪರೇಷನ್‌ಗೆ ಮುನ್ನ ನಡೆಯುವ ತಪಾಸಣೆಯಲ್ಲಿ. ಆಸ್ಪತ್ರೆ ಭಾಷೆಯಲ್ಲಿ ಇದಕ್ಕೆ ಪಿಎಸಿ ಎನ್ನುತ್ತಾರೆ. ನಮ್ಮವರು ಇದನ್ನು ಇನ್ನೊಂದು ಕ್ಯೂ ಎಂದುಕೊಂಡು ಆದಷ್ಟು ಬೇಗ ಮುಗಿಸಲು ನೋಡುತ್ತಾರೆ. ನಿಜ ಹೇಳಬೇಕೆಂದರೆ ಆಪರೇಷನ್‌ನ ಅರ್ಧ ಸುರಕ್ಷತೆ ಈ ಕೋಣೆಯಲ್ಲೇ ತೀರ್ಮಾನವಾಗುತ್ತದೆ.

‘ಬಾಯಿ ದೊಡ್ಡದಾಗಿ ತೆರೆಯಿರಿ, ನಾಲಗೆ ಹೊರಗೆ ಹಾಕಿ’ ಎಂದು ಅಲ್ಲಿ ಹೇಳುತ್ತಾರೆ. ಮೊಣಕಾಲಿನ ಆಪರೇಷನ್‌ಗೆ ಬಂದವರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಉಸಿರಿನ ನಾಳಕ್ಕೆ ಟ್ಯೂಬ್ ಹಾಕುವುದು ಸುಲಭವೋ ಕಷ್ಟವೋ ಎಂದು ಅಂದಾಜು ಮಾಡುವುದು ಇದರಿಂದಲೇ. ಈ ಪರೀಕ್ಷೆಯ ಹೆಸರು ಮಲ್ಲಂಪಾಟಿ. ಬಾಸ್ಟನ್‌ನಲ್ಲಿ ಕೆಲಸ ಮಾಡಿದ ಆಂಧ್ರ ಮೂಲದ ಅರಿವಳಿಕೆ ತಜ್ಞ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಇದನ್ನು ಪ್ರಕಟಿಸಿದರು. ಇಂದು ಎಲ್ಲ ದೇಶಗಳ ಪಿಜಿ ವಿದ್ಯಾರ್ಥಿಗಳೂ ಆ ತೆಲುಗು ಹೆಸರನ್ನು ಬಾಯಿಪಾಠ ಮಾಡುತ್ತಾರೆ.

ಅಡಿಕೆಯ ನಾಡಿನಲ್ಲಿ ಈ ಪರೀಕ್ಷೆಗೆ ಇನ್ನೂ ಒಂದು ಅರ್ಥ ಉಂಟು. ವರ್ಷಗಟ್ಟಲೆ ಅಡಿಕೆ, ಬೀಡಾ, ಗುಟ್ಕಾ ಜಗಿದವರ ಕೆನ್ನೆಯ ಒಳಭಾಗ ಗಟ್ಟಿಯಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿ ಬರಬಹುದು. ಅಂಥವರಿಗೆ ಮೊದಲೇ ಪ್ರಜ್ಞೆ ತಪ್ಪಿಸುವಂತಿಲ್ಲ. ಎಚ್ಚರವಿರುವಾಗಲೇ ಮೂಗಿನ ಮೂಲಕ ಕ್ಯಾಮೆರಾ ಇರುವ ತೆಳುವಾದ ನಳಿಕೆ ಇಳಿಸಿ, ದಾರಿ ನೋಡಿಕೊಂಡು ಟ್ಯೂಬ್ ಹಾಕಬೇಕಾಗುತ್ತದೆ. ಇದಕ್ಕೆ ಸಿದ್ಧತೆ ಬೇಕು, ಅನುಭವಿ ಕೈ ಬೇಕು.

ಮತ್ತೊಂದು, ಮುಚ್ಚಿಡುವ ಅಭ್ಯಾಸ. ಗಲ್ಫಿನಿಂದ ರಜೆಯಲ್ಲಿ ಬಂದವರು ಅಲ್ಲಿಂದ ತಂದ ಶುಗರ್ ಮಾತ್ರೆಯ ಹೆಸರು ಹೇಳುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ‘ಅದು ಹಾರ್ಟಿಂದು, ಈ ಡಾಕ್ಟರಿಗೆ ಯಾಕೆ’ ಎಂದುಕೊಳ್ಳುತ್ತಾರೆ. ಅಂಥ ಮಾತ್ರೆಗಳಲ್ಲಿ ಕೆಲವನ್ನು ನಿಲ್ಲಿಸದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬೆನ್ನುಹುರಿಯ ಬಳಿ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು. ತೂಕ ಇಳಿಸಲೆಂದು ಈಗ ಬಂದಿರುವ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಅದನ್ನೂ ಹೇಳಬೇಕು. ಸಿಗರೇಟು, ಕುಡಿತ ಇದ್ದರೆ ಉಮ್ಮನ ಎದುರು ಹೇಳಲು ನಾಚಿಕೆ ಎನ್ನುವ ಹುಡುಗರು, ಉಮ್ಮನನ್ನು ಹೊರಗೆ ಕೂರಿಸಿಯಾದರೂ ಡಾಕ್ಟರಿಗೆ ಹೇಳಲಿ. ಹಿಂದೆ ಕುಟುಂಬದಲ್ಲಿ ಯಾರಾದರೂ ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರು ಬಾರದೆ ವೆಂಟಿಲೇಟರ್‌ನಲ್ಲಿದ್ದರೇ ಎಂಬ ಪ್ರಶ್ನೆಯೂ ಸುಮ್ಮನೆ ಕೇಳುವುದಲ್ಲ. ಕೆಲವು ಮದ್ದುಗಳನ್ನು ಕರಗಿಸುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಇರುವ ಕುಟುಂಬಗಳಿವೆ.

ಹೊಟ್ಟೆ ಖಾಲಿ ಇರಬೇಕು ಎನ್ನುವ ನಿಯಮದ ವಿಷಯದಲ್ಲಂತೂ ಗೊಂದಲವೋ ಗೊಂದಲ. ಸಾಮಾನ್ಯವಾಗಿ ಘನ ಆಹಾರ ನಿಲ್ಲಿಸಿ 6 ಗಂಟೆ, ಎದೆಹಾಲು ಕುಡಿಯುವ ಮಗುವಿಗೆ 4 ಗಂಟೆ, ತಿಳಿನೀರಿಗೆ 2 ಗಂಟೆ. ಗಂಜಿ, ಹಾಲು ಹಾಕಿದ ಚಾಯ ಎರಡೂ ಆಹಾರದ ಲೆಕ್ಕಕ್ಕೇ ಸೇರುತ್ತವೆ. ‘ಪಾಪ, ಅರ್ಧ ಗ್ಲಾಸ್ ಚಾಯ ತಾನೇ’ ಎಂದು ಪ್ರೀತಿಯಿಂದ ಕುಡಿಸಿದರೆ, ಪ್ರಜ್ಞೆ ತಪ್ಪಿದ ಮೇಲೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ತಿಂದದ್ದನ್ನು ಒಪ್ಪಿಕೊಂಡರೆ ಆಪರೇಷನ್ ಮುಂದೆ ಹೋದೀತು, ಅಷ್ಟೇ.

ಮೂರು ನಿಮಿಷದ ಗಾಳಿ

ಬೆಳಗ್ಗೆ ರೋಗಿ ಬರುವ ಮೊದಲೇ ಯಂತ್ರದ ಪರೀಕ್ಷೆ ಮುಗಿದಿರಬೇಕು. ಆಮ್ಲಜನಕದ ಲೈನ್, ತುರ್ತಿಗೆ ಬೇಕಾದ ಸಿಲಿಂಡರ್, ವೆಂಟಿಲೇಟರ್, ಸಕ್ಷನ್, ಬ್ಯಾಟರಿ. ನಂತರ ಮದ್ದುಗಳನ್ನು ಸಿರಿಂಜಿಗೆ ಎಳೆದು ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸುವುದು. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಒಂದನ್ನು ಬಿಟ್ಟರೆ ಉಳಿದವು ಹೆಚ್ಚಾಗಿ ನೀರಿನಂತೆಯೇ ಕಾಣುತ್ತವೆ.

ಮದ್ದು ಕೊಡುವ ಮೊದಲು ಮುಖಕ್ಕೆ ಮಾಸ್ಕ್ ಇಟ್ಟು ಸುಮಾರು ಮೂರು ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿಸುತ್ತಾರೆ. ‘ಏನೂ ಆಗ್ತಾ ಇಲ್ಲವಲ್ಲ’ ಎಂದು ರೋಗಿ ನೋಡುತ್ತಿರುತ್ತಾರೆ. ಆದರೆ ಶ್ವಾಸಕೋಶದಲ್ಲಿ ಆಗ ಉಳಿತಾಯ ಖಾತೆ ತುಂಬುತ್ತಿರುತ್ತದೆ. ಈ ಗಾಳಿ ಕೊಡದಿದ್ದರೆ ಉಸಿರು ನಿಂತ ಒಂದೆರಡು ನಿಮಿಷದಲ್ಲೇ ರಕ್ತದ ಆಮ್ಲಜನಕ ಕುಸಿಯತೊಡಗುತ್ತದೆ. ಕೊಟ್ಟಿದ್ದರೆ ಆರೋಗ್ಯವಂತರಲ್ಲಿ ಇನ್ನೂ ಕೆಲವು ನಿಮಿಷಗಳ ಅವಕಾಶ ಸಿಗುತ್ತದೆ. ಗರ್ಭಿಣಿಯರಿಗೆ, ದಪ್ಪ ಇರುವವರಿಗೆ, ಸಣ್ಣ ಮಕ್ಕಳಿಗೆ ಈ ಅವಕಾಶ ಕಡಿಮೆ. ಟ್ಯೂಬ್ ಸರಿಯಾದ ಜಾಗಕ್ಕೆ ಹೋಗಿದೆಯೇ ಎಂದು ಹೊರಬರುವ ಇಂಗಾಲದ ಡೈಆಕ್ಸೈಡಿನ ಗೆರೆ ಮಾನಿಟರ್‌ನಲ್ಲಿ ಹೇಳುತ್ತದೆ. ಗೆರೆ ಏಳದಿದ್ದರೆ ಟ್ಯೂಬ್ ಅನ್ನನಾಳಕ್ಕೆ ಹೋಗಿದೆ ಎಂದೇ ಮೊದಲು ತಿಳಿಯಬೇಕು.

ಕಲಿಯುವ ಕೈ, ಕಾಯುವ ಕಣ್ಣು

ಇಷ್ಟನ್ನು ಯಾವ ಆಸ್ಪತ್ರೆಯಲ್ಲಾದರೂ ಮಾಡಲೇಬೇಕು. ಮೆಡಿಕಲ್ ಕಾಲೇಜಿನ ಕನ್ಸಲ್ಟೆಂಟ್‌ಗೆ ಇದರ ಮೇಲೆ ಇನ್ನೊಂದು ಹೊರೆ: ಇದನ್ನೆಲ್ಲ ಬೇರೆಯವರ ಕೈಯಲ್ಲಿ ಮಾಡಿಸಬೇಕು.

ಕನ್ಸಲ್ಟೆಂಟ್ ಎಂಬ ಪದವೇ ಬ್ರಿಟನ್‌ನದು. ಅಲ್ಲಿ ಅದು ವರ್ಷಗಟ್ಟಲೆ ತರಬೇತಿ ಮುಗಿಸಿದ ತಜ್ಞರ ಹುದ್ದೆಯ ಹೆಸರು. ನಮ್ಮ ಮೆಡಿಕಲ್ ಕಾಲೇಜುಗಳ ಬೋರ್ಡಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಪ್ರೊಫೆಸರ್ ಎಂದಿರುತ್ತದೆ. ರೋಗಿಗೆ ಸಂಬಂಧಿಸಿ ಕೊನೆಯ ಜವಾಬ್ದಾರಿ ಹೊರುವವರು ಇವರೇ. ಇವರ ಕೆಳಗೆ ಸೀನಿಯರ್ ರೆಸಿಡೆಂಟ್, ಅವರ ಕೆಳಗೆ ಮೂರು ವರ್ಷದ ಪಿಜಿಗಳು.

ಮೊದಲ ವರ್ಷದ ಪಿಜಿ ಲ್ಯಾರಿಂಗೋಸ್ಕೋಪ್ ಹಿಡಿದು ರೋಗಿಯ ಗಂಟಲಿನೊಳಗೆ ನೋಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಸ್ವರತಂತುಗಳು ಕಾಣುತ್ತಿಲ್ಲ. ಕೈ ನಡುಗುತ್ತಿದೆ. ಪಕ್ಕದಲ್ಲಿ ನಿಂತ ಕನ್ಸಲ್ಟೆಂಟ್‌ಗೆ ಅದು ಹತ್ತು ಸೆಕೆಂಡಿನ ಕೆಲಸ. ಆದರೂ ಸುಮ್ಮನೆ ನಿಲ್ಲಬೇಕು. ಕೂಡಲೇ ಕೈ ಹಾಕಿದರೆ ಆ ಪಿಜಿ ಕಲಿಯುವುದಿಲ್ಲ. ಮುಂದೊಂದು ದಿನ ಯಾವುದೋ ತಾಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ಒಬ್ಬರೇ ಇರುವಾಗ ಅದರ ಬೆಲೆ ಇನ್ನೊಬ್ಬ ರೋಗಿ ತೆರಬೇಕಾಗುತ್ತದೆ. ತಡ ಮಾಡಿದರೆ ಈಗ ಮಲಗಿರುವ ರೋಗಿಯೇ ಬೆಲೆ ತೆರುತ್ತಾರೆ. ಈ ಎರಡರ ನಡುವೆ ಇರುವುದು ಕೆಲವೇ ಸೆಕೆಂಡುಗಳು. ಮಾನಿಟರಿನ ‘ಟಿಕ್ ಟಿಕ್’ ಸದ್ದು ಆಮ್ಲಜನಕ ಇಳಿದಂತೆ ತಗ್ಗಿದ ಸ್ವರಕ್ಕೆ ಬರುತ್ತದೆ. ಅನುಭವಿಗಳು ಪರದೆ ನೋಡುವ ಮೊದಲೇ ಕಿವಿಯಿಂದ ತಿಳಿದುಕೊಳ್ಳುತ್ತಾರೆ. ಸ್ವರ ಬದಲಾಗುವ ಮೊದಲೇ ‘ಸಾಕು, ಮಾಸ್ಕ್ ಇಡಿ’ ಎನ್ನುತ್ತಾರೆ. ಮತ್ತೆ ಗಾಳಿ ಕೊಟ್ಟು, ತಲೆಯ ಭಂಗಿ ಸರಿಮಾಡಿ, ಇನ್ನೊಂದು ಪ್ರಯತ್ನ. ಮೂರಕ್ಕಿಂತ ಹೆಚ್ಚು ಬಾರಿ ಪ್ರಯತ್ನಿಸುತ್ತಾ ಹೋದರೆ ಗಂಟಲು ಊದಿಕೊಂಡು ಸುಲಭದ್ದೂ ಕಷ್ಟವಾಗುತ್ತದೆ ಎಂಬುದು ಎಲ್ಲೆಡೆ ಒಪ್ಪಿದ ಪಾಠ.

‘ಹಾಗಾದರೆ ಕಲಿಯುವ ಮಕ್ಕಳ ಕೈಗೆ ನಮ್ಮನ್ನು ಕೊಡ್ತಾರಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೌದು, ಕೊಡುತ್ತಾರೆ, ಆದರೆ ಮೇಲ್ವಿಚಾರಣೆಯಲ್ಲಿ. ಆ ಹೊತ್ತಿಗೆ ಪಕ್ಕದಲ್ಲಿ ಯಾವ ಹಿರಿಯ ಡಾಕ್ಟರ್ ಇರುತ್ತಾರೆ ಎಂದು ಪಿಎಸಿಯಲ್ಲೇ ಕೇಳಬಹುದು; ಕೇಳಿದರೆ ತಪ್ಪೇನಿಲ್ಲ. ನರ್ಸಿಂಗ್ ಹೋಂನಿಂದ ನರ್ಸಿಂಗ್ ಹೋಂಗೆ ಓಡುವ ಒಬ್ಬರೇ ಅರಿವಳಿಕೆ ತಜ್ಞರಿಗಿಂತ, ಕಾಲೇಜಿನಲ್ಲಿ ರಾತ್ರಿ ಎರಡು ಗಂಟೆಗೂ ಕೂಗಿದರೆ ಬರುವ ಮೂರು ಜನ ಇರುವುದು ರೋಗಿಗೆ ಲಾಭವೇ.

ಭಾಷೆಯೂ ಒಂದು ಮದ್ದು

ಕಾಸರಗೋಡು ಕಡೆಯ ರೋಗಿಗಳಿಗೆ ತಲಪಾಡಿ ದಾಟಿದರೆ ಮಂಗಳೂರು. 2020ರ ಲಾಕ್‌ಡೌನ್‌ನಲ್ಲಿ ಆ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದದ್ದು ಎಂದು ಎರಡೂ ಸರಕಾರಗಳಿಗೆ ಗೊತ್ತಾಯಿತು. ಮಂಗಳೂರಿನ ಥಿಯೇಟರ್‌ಗಳಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳಂ, ಕೊಂಕಣಿ ಮಾತನಾಡುವ ರೋಗಿಗಳು ಒಂದೇ ಬೆಳಗ್ಗೆ ಬರುತ್ತಾರೆ. ಪಿಜಿಗಳು ಬಿಹಾರದವರೋ ದಿಲ್ಲಿಯವರೋ ಆಗಿರಬಹುದು.

ಸಿಸೇರಿಯನ್‌ಗೆ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಸೊಂಟದ ಕೆಳಗೆ ನೋವು ಗೊತ್ತಾಗುವುದಿಲ್ಲ, ತಾಯಿ ಎಚ್ಚರವಿರುತ್ತಾಳೆ. ಅದನ್ನು ಕೊಡುವಾಗ ಬೆನ್ನು ಬಾಗಿಸಿ ಅಲುಗಾಡದೆ ಕೂರಬೇಕು. ಹೆರಿಗೆ ನೋವಿನ ನಡುವೆ ಇದನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಳಿದರೆ ಹೇಗೆ? ಮನೆ ಮಾತಿನಲ್ಲಿ ‘ಹೆದರಬೇಡ ಮಗಳೇ, ಒಂದೇ ನಿಮಿಷ’ ಎಂದು ಹೇಳುವ ಒಬ್ಬರಿದ್ದರೆ ಅರ್ಧ ಕೆಲಸ ಮುಗಿಯಿತು. ಪೂರ್ಣ ಅರಿವಳಿಕೆಯಿಂದ ಎಬ್ಬಿಸುವಾಗಲೂ ಹಾಗೆಯೇ. ಕಣ್ಣು ಬಿಡಿ, ಕೈ ಹಿಡಿಯಿರಿ ಎಂದದ್ದಕ್ಕೆ ರೋಗಿ ಸ್ಪಂದಿಸದಿದ್ದರೆ ಮದ್ದು ಇಳಿಯದ್ದಕ್ಕೋ, ಭಾಷೆ ತಿಳಿಯದ್ದಕ್ಕೋ ಎಂದು ಹೇಳುವುದು ಕಷ್ಟ.

ಬೆನ್ನಿನ ಇಂಜೆಕ್ಷನ್‌ನಿಂದ ಜೀವನವಿಡೀ ಸೊಂಟನೋವು ಎಂಬುದು ನಮ್ಮ ಮನೆಗಳಲ್ಲಿ ಬೇರುಬಿಟ್ಟ ನಂಬಿಕೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು. ಹೆರಿಗೆಯ ನಂತರದ ದೀರ್ಘಕಾಲದ ಸೊಂಟನೋವಿಗೆ ಬಸಿರು ಮತ್ತು ಮಗುವನ್ನು ಎತ್ತಿಕೊಳ್ಳುವ ಭಂಗಿಯಂಥ ಬೇರೆ ಕಾರಣಗಳಿರುತ್ತವೆ. ಕೆಲವರಿಗೆ ಎದ್ದು ಕೂತರೆ ಹೆಚ್ಚಾಗುವ ತಲೆನೋವು ಬರುವುದು ಮಾತ್ರ ನಿಜ. ಅದಕ್ಕೆ ಚಿಕಿತ್ಸೆ ಉಂಟು, ಮುಚ್ಚಿಡದೆ ಹೇಳಬೇಕು.

ಇನ್ನು ಸಹಿಯ ವಿಷಯ. ‘ಗಂಡ ದುಬೈಯಲ್ಲಿದ್ದಾರೆ, ಫೋನಲ್ಲಿ ಕೇಳಿ ಸೈನ್ ಹಾಕ್ತೇವೆ’ ಎಂದು ತುರ್ತು ಸಿಸೇರಿಯನ್ ತಡವಾಗುವುದು ಸರಿಯಲ್ಲ. ಪ್ರಾಯಕ್ಕೆ ಬಂದ, ಪ್ರಜ್ಞೆ ಇರುವ ಹೆಣ್ಣಿನ ಒಪ್ಪಿಗೆ ಅವಳದೇ. ಅಂಥ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮಹಿಳಾ ಅರಿವಳಿಕೆ ತಜ್ಞರು ಬೇಕು, ಮೈ ಮುಚ್ಚಿರಬೇಕು ಎಂದು ಕೇಳಬಹುದು. ಸಾಧ್ಯವಿದ್ದಲ್ಲಿ ಏರ್ಪಾಡು ಮಾಡುತ್ತಾರೆ. ನಮ್ಮ ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬಾರದಿದ್ದರೆ ಕೇಳಿದ್ದು ಸಿಗುವುದಾದರೂ ಎಲ್ಲಿಂದ?

ಥಿಯೇಟರಿನ ಹೊರಗೆ

ಐಸಿಯು ಎಂಬ ವ್ಯವಸ್ಥೆ ಬೆಳೆದದ್ದು ಒಬ್ಬ ಅರಿವಳಿಕೆ ತಜ್ಞರಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ಉಸಿರಾಡಲಾಗದೆ ಜನ ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ತಜ್ಞರು ಥಿಯೇಟರಿನ ವಿಧಾನವನ್ನೇ ವಾರ್ಡಿಗೆ ತಂದರು. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಇಂದು ಐಸಿಯು, ಹೆರಿಗೆಯ ನೋವು ನಿವಾರಣೆ, ಕ್ಯಾನ್ಸರ್ ನೋವಿನ ಕ್ಲಿನಿಕ್, ಅಪಘಾತದ ಕೇಸು, ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಬೇಕಾದ ಮಗು, ಎಲ್ಲದಕ್ಕೂ ಇವರನ್ನೇ ಕರೆಯುತ್ತಾರೆ.

ದಾರಿ ಹೀಗಿದೆ: ಪಿಯುಸಿ ಅಥವಾ ಪ್ಲಸ್ ಟು ಮುಗಿಸಿ ನೀಟ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ನೀಟ್ ಪಿಜಿ, ಮೂರು ವರ್ಷದ ಎಂಡಿ ಅಥವಾ ಡಿಎನ್‌ಬಿ, ಒಂದು ವರ್ಷ ಸೀನಿಯರ್ ರೆಸಿಡೆಂಟ್, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್. ಎಲ್ಲೂ ತಡವಾಗದಿದ್ದರೂ ಒಂಬತ್ತೂವರೆ ವರ್ಷ. ಕರ್ನಾಟಕದ ವೃತ್ತಿಪರ ಕೋರ್ಸ್‌ಗಳ ಪ್ರವೇಶ ನಿಯಮದಲ್ಲಿ ಗಡಿನಾಡು ಕನ್ನಡಿಗರಿಗೆಂದೇ ಒಂದು ಕಲಮು ಉಂಟು. ಕಾಸರಗೋಡಿನ ಮಕ್ಕಳು ಆ ವರ್ಷದ ಕೈಪಿಡಿ ತೆಗೆದು ಷರತ್ತುಗಳನ್ನು ಸರಿಯಾಗಿ ಓದಬೇಕು. ಅನಸ್ತೇಷಿಯಾ ಟೆಕ್ನಾಲಜಿಯ ಬಿಎಸ್ಸಿ ಬೇರೆಯೇ ಕೋರ್ಸ್. ಅದನ್ನು ಓದಿದವರು ಯಂತ್ರ, ಸಲಕರಣೆ ನೋಡಿಕೊಳ್ಳುವ ತಂತ್ರಜ್ಞರಾಗುತ್ತಾರೆ, ಡಾಕ್ಟರಾಗುವುದಿಲ್ಲ. ಒಳ್ಳೆಯ ಕೆಲಸವೇ, ಆದರೆ ಏಜೆಂಟರ ಮಾತು ಕೇಳಿ ಎರಡೂ ಒಂದೇ ಎಂದುಕೊಳ್ಳಬಾರದು.

ಉಕ್ಕಿನಡ್ಕದ ಕಾಸರಗೋಡು ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ 2020ರ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದುಕೊಂಡಿತು. 2025ರಲ್ಲಿ ಅಲ್ಲಿಗೆ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿತು. ಮೆಡಿಕಲ್ ಕಾಲೇಜು ಎಂದ ಮೇಲೆ ಅನಸ್ತೇಷಿಯಾ ವಿಭಾಗ ಇರಲೇಬೇಕು. ಇಂದು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಪ್ಲಸ್ ಟು ಓದುತ್ತಿರುವ ಹುಡುಗಿ ಎಂಡಿ ಮುಗಿಸಿ ಬರುವ ಹೊತ್ತಿಗೆ, ಆ ವಿಭಾಗದ ಟೇಬಲ್ ಮೇಲೆ ಮಲಗುವವರು ಅವಳ ಪಕ್ಕದ ಮನೆಯವರೇ ಆಗಿರುತ್ತಾರೆ.