ಮನೆ ಖರ್ಚಿನ ಲೆಕ್ಕ: ಮೊದಲು ಅಳತೆ, ಆಮೇಲೆ ರೂಪಾಯಿ

ಸುಗ್ಗಿ ಮುಗಿದ ಮೇಲೆ ಮುಂಗಾರು ಬರುವ ತನಕ ನಮ್ಮ ಕೊಪ್ಪಳ ಕಡೆ ಮನೆ ಕಟ್ಟುವ ಕಾಲ. ನಮ್ಮೂರ ಸುತ್ತ ಗೋಡೆ ಎದ್ದು ಛಾವಣಿ ಇಲ್ಲದೆ ನಿಂತ ಮನೆಗಳು ಒಂದೆರಡಲ್ಲ. ಕಟ್ಟಿಸಿದವರು ಸೋಮಾರಿಗಳೇನಲ್ಲ. 'ಚದರ ಅಡಿಗೆ ಇಷ್ಟಾಗುತ್ತೆ' ಎಂಬ ಒಂದು ಬಾಯಿಮಾತು ನಂಬಿ ಪಾಯ ತೆಗೆದವರು. ಬೀಜ, ಗೊಬ್ಬರಕ್ಕೆಂದು ಇಟ್ಟ ದುಡ್ಡೂ ಗೋಡೆಗೆ ಹೋಯ್ತು. ಮಳೆ ಬಿದ್ದಾಗ ಬಿತ್ತನೆಗೆ ಬಡ್ಡಿ ಸಾಲ ತರಬೇಕಾಯ್ತು.

ನಾನು ನಮ್ಮ ಮನೆ ಕಟ್ಟಿಸುವಾಗ ಒಂದು ನೋಟ್‌ಬುಕ್ ಇಟ್ಟಿದ್ದೆ. ಆಮೇಲೆ ಬೀಗರ ಎರಡು ಮನೆಗೂ ಅದರಂತೆಯೇ ಲೆಕ್ಕ ಬರೆದುಕೊಟ್ಟೆ. ಏಳನೇ ಇಯತ್ತೆಯ ಗುಣಾಕಾರ ಬಂದರೆ ಸಾಕು. ಒಂದೇ ನಿಯಮ: ಮೊದಲ ದಿನ ರೂಪಾಯಿ ಬರೆಯಬೇಡಿ. ಎಷ್ಟು ಕಲ್ಲು, ಎಷ್ಟು ಚೀಲ, ಎಷ್ಟು ಕಬ್ಬಿಣ ಅಂತ ಬರೆಯಿರಿ. ದರ ಏರುತ್ತೆ, ಇಳಿಯುತ್ತೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ನೂರಕ್ಕೆ 28 ಇದ್ದದ್ದು 18ಕ್ಕೆ ಇಳಿಯಿತು. ಆದರೆ ಛಾವಣಿಗೆ ಬೇಕಾಗುವ ಚೀಲ ಕಡಿಮೆ ಆಗಲಿಲ್ಲ. ಅಳತೆ ಕೈಯಲ್ಲಿದ್ದರೆ ಅವತ್ತಿನ ದರ ಹಾಕಿಕೊಂಡು ಯಾವಾಗ ಬೇಕಾದರೂ ಲೆಕ್ಕ ತೆಗೆಯಬಹುದು.

ಇಲ್ಲಿ 20 ಅಡಿಗೆ 30 ಅಡಿ, ಅಂದರೆ 600 ಚದರ ಅಡಿಯ ಮನೆಯನ್ನು ಉದಾಹರಣೆಗೆ ಹಿಡಿದಿದ್ದೇನೆ. ಪಡಸಾಲೆ, ಅಡುಗೆಮನೆ, ಒಂದು ಕೋಣೆ, ಕಾಳಿನ ಚೀಲಕ್ಕೆ ಒಂದು ಸಣ್ಣ ಕೋಣೆ. ಹೊರಗೋಡೆ ಸುತ್ತಳತೆ 100 ಅಡಿ, ಒಳಗೋಡೆ 40 ಅಡಿ. ಒಟ್ಟು 140 ಅಡಿ.

ನೆಲ ನೋಡಿ ಲೆಕ್ಕ ಶುರು ಮಾಡಿ

ಹೆಚ್ಚು ಮಂದಿ ಮೋಸ ಹೋಗುವುದು ನೆಲದೊಳಗಿನ ಕೆಲಸದಲ್ಲಿ. ಎರೆ ನೆಲ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಅದರ ಮೇಲೆ ಕೂತ ಗೋಡೆಯೂ ಬಿರಿಯುತ್ತೆ. ಹಾಗಾಗಿ ಗಟ್ಟಿ ಮೊರಮ್ ಸಿಗುವ ತನಕ ಅಗೆಯಲೇಬೇಕು. ಲೆಕ್ಕ ಬರೆಯುವ ಮೊದಲು ಜಾಗದ ಎರಡು ಮೂಲೆಯಲ್ಲಿ ಗುಂಡಿ ತೋಡಿ ನೋಡಿ. ಒಂದು ದಿನದ ಆಳಿನ ಕೆಲಸ ಅಷ್ಟೇ.

ಮಸಾರಿ ನೆಲದಲ್ಲಿ 3 ಅಡಿಗೆ ಗಟ್ಟಿ ಸಿಕ್ಕಿತು ಅನ್ನಿ. 140 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಆಳ: 840 ಘನ ಅಡಿ. ನೆಲದ ಮೇಲಿನ ಕಟ್ಟಡ ಒಂದೂವರೆ ಅಡಿ ಅಗಲ, 2 ಅಡಿ ಎತ್ತರ: 420. ಎರಡೂ ಸೇರಿ 1,260 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸ್. ಅಂದರೆ ಹನ್ನೆರಡೂವರೆ ಬ್ರಾಸಿನ ಮೇಲಾಯ್ತು.

ಅದೇ ಮನೆ ಎರೆಯಲ್ಲಿ, 5 ಅಡಿ ಆಳ. ಕೆಳಗೆ 1,400, ಮೇಲೆ 420, ಒಟ್ಟು 1,820 ಘನ ಅಡಿ. ಐದೂವರೆ ಬ್ರಾಸ್ ಹೆಚ್ಚು! ಅದಕ್ಕೆ ತಕ್ಕಂತೆ ಅಗೆತ, ಸಿಮೆಂಟು, ಕೂಲಿ ಎಲ್ಲಾ ಹೆಚ್ಚು. ಪಾಯದ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿಯೂ ಬೇಕು. ಪಕ್ಕದೂರಿನವರಿಗೆ ಇಷ್ಟರಲ್ಲಿ ಮುಗೀತು ಅನ್ನುವ ಮಾತು ಇದಕ್ಕೇ ಕೆಲಸಕ್ಕೆ ಬರುವುದಿಲ್ಲ. ಅವರ ನೆಲ ಬೇರೆ, ನಿಮ್ಮ ನೆಲ ಬೇರೆ.

ಪಾಯದ ಒಳಗೆ ತುಂಬುವ ಮಣ್ಣು ಇನ್ನೊಂದು. 500 ಚದರ ಅಡಿಗೆ 2 ಅಡಿ ಅಂದರೆ 1,000 ಘನ ಅಡಿ. ನೀರು ಬಿಟ್ಟು ಬಡಿದರೆ ಕುಸಿಯುತ್ತೆ, ಆದ್ದರಿಂದ ಕಾಲುಭಾಗ ಹೆಚ್ಚಿಗೆ ಹಿಡಿಯಿರಿ. ಎರೆಮಣ್ಣು ತುಂಬಬೇಡಿ, ಮೊರಮ್ಮೇ ಆಗಬೇಕು. 'ಒಂದು ಟ್ರೇಲರ್' ಅಂತ ಮಾತಾಡದೆ ಟ್ರೇಲರಿನ ಉದ್ದ, ಅಗಲ, ಎತ್ತರ ಟೇಪು ಹಿಡಿದು ಅಳೆಯಿರಿ. ಎಲ್ಲಾ ಟ್ರೇಲರ್ ಒಂದೇ ಅಳತೆ ಇರುವುದಿಲ್ಲ.

ಗೋಡೆ ಮತ್ತು ಛಾವಣಿ

140 ಅಡಿ ಗೋಡೆ 10 ಅಡಿ ಎತ್ತರಕ್ಕೆ 1,400 ಚದರ ಅಡಿ. ಬಾಗಿಲು ಕಿಟಕಿಗೆ 170 ಕಳೆದರೆ ಉಳಿದದ್ದು 1,230. ಮುಖ 16 ಇಂಚು ಉದ್ದ, 8 ಇಂಚು ಎತ್ತರ ಇರುವ ಸಿಮೆಂಟ್ ಬ್ಲಾಕು, ಒಡೆಯುವುದೂ ಸೇರಿ, ನೂರು ಚದರ ಅಡಿಗೆ 110 ಹಿಡಿದರೆ ಸುಮಾರು 1,350 ಬೇಕು. ಹಳೇ ಮನೆ ಕೆಡವುವವರು ಕಲ್ಲು, ಬಾಗಿಲು, ತೊಲೆ ಎಣಿಸಿಟ್ಟುಕೊಂಡು ಇದರಲ್ಲಿ ಕಳೆಯಿರಿ.

ಛಾವಣಿ 600 ಚದರ ಅಡಿ, 5 ಇಂಚು ದಪ್ಪ: 250 ಘನ ಅಡಿ ಕಾಂಕ್ರೀಟು. ಒಂದು, ಒಂದೂವರೆ, ಮೂರರ ಮಿಶ್ರಣಕ್ಕೆ ಹೆಚ್ಚುಕಡಿಮೆ ಹೀಗಾಗುತ್ತದೆ:

ಸಿಮೆಂಟು: 57 ಚೀಲ
ಖಡಿ: 2 ಬ್ರಾಸಿಗಿಂತ ತುಸು ಹೆಚ್ಚು
ಉಸುಕು ಅಥವಾ ಎಂ-ಸ್ಯಾಂಡ್: 1 ಬ್ರಾಸಿಗಿಂತ ತುಸು ಹೆಚ್ಚು
ಕಬ್ಬಿಣ: 5ರಿಂದ 6 ಕ್ವಿಂಟಾಲ್

ಕೋಣೆ ಅಗಲ ಆದಂತೆ ಕಬ್ಬಿಣ ಏರುತ್ತೆ. ಅದನ್ನು ಮಾತ್ರ ತಿಳಿದ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ಅಂಗಡಿಯಿಂದ ಬಂದ ಮೇಲೆ ಸರಳು ಎಣಿಸಿ. 12 ಮೀಟರ್ ಉದ್ದದ ಒಂದು ಸರಳು 8 ಮಿ.ಮೀ. ಇದ್ದರೆ 4.7 ಕಿಲೋ, 10 ಮಿ.ಮೀ.ಗೆ 7.4, 12 ಮಿ.ಮೀ.ಗೆ 10.7 ಕಿಲೋ ತೂಗುತ್ತೆ. ಚೀಟಿಯ ತೂಕ ಸರಿಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ. ಅಗ್ಗ ಸಿಕ್ಕಿತೆಂದು ಸಿಮೆಂಟು ಮಾತ್ರ ಮೊದಲೇ ತಂದಿಡಬೇಡಿ. ಮೂರು ತಿಂಗಳು ಇಟ್ಟರೆ ಶಕ್ತಿ ಕುಗ್ಗುತ್ತದೆ.

ಮಾತಿನಲ್ಲಿ ಬಿಟ್ಟುಹೋಗುವ ಖರ್ಚು

ಗೌಂಡಿ ಹೇಳುವ ದರದಲ್ಲಿ ಏನೇನು ಸೇರಿದೆ ಅಂತ ಕೇಳಿ ಬರೆದುಕೊಳ್ಳಿ. ಪಾಯ ಅಗೆತ, ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ಸಜ್ಜಾ, ಮೆಟ್ಟಿಲು, ಛಾವಣಿ ಮೇಲಿನ ಕಟ್ಟೆ, ಹೊರಗಡೆ ಗಿಲಾವು. ನಮ್ಮೂರಲ್ಲಿ ಒಬ್ಬರ ಮನೆ ಕೆಲಸ ಸಜ್ಜಾ ಮತ್ತು ಮೆಟ್ಟಿಲಿನ ಜಗಳಕ್ಕೇ ಒಂದು ತಿಂಗಳು ನಿಂತಿತ್ತು.

ಒಣಬೇಸಾಯದವರಿಗೆ ನೀರೂ ಖರ್ಚೇ. ನಾವು ಕಟ್ಟಿಸುವುದು ಬೇಸಿಗೆಯಲ್ಲಿ, ನೀರು ಇಲ್ಲದಿರುವುದೂ ಆಗಲೇ. 600 ಚದರ ಅಡಿ ಛಾವಣಿ ಮೇಲೆ 2 ಇಂಚು ನೀರು ನಿಲ್ಲಿಸಲು ಒಂದು ಸಲಕ್ಕೆ 2,800 ಲೀಟರ್ ಬೇಕು. ಆರಿದಷ್ಟು ತುಂಬುತ್ತಾ ಕನಿಷ್ಠ 10 ದಿನ ನಿಲ್ಲಿಸಬೇಕು. ಟ್ಯಾಂಕರ್ ಬಾಡಿಗೆ ಬರೆದಿಡಿ. ಪಾಯಿಖಾನೆ ಗುಂಡಿ, ಕರೆಂಟು, ದನ ಕಟ್ಟುವ ಜಾಗ, ಹೆಂಡ್ರು ಮಕ್ಕಳು ಹೊತ್ತ ಮಣ್ಣಿನ ಕೂಲಿಯೂ ಲೆಕ್ಕದಲ್ಲಿರಲಿ. ಎಲ್ಲಾ ಕೂಡಿಸಿ ಮೇಲೆ ನೂರಕ್ಕೆ ಹತ್ತು ಇಡಿ.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲುಸೀಮೆಗೆ ಇಟ್ಟದ್ದು 1 ಲಕ್ಷ 20 ಸಾವಿರ ರೂಪಾಯಿ, ಮನೆ ಅಳತೆ ಕನಿಷ್ಠ 25 ಚದರ ಮೀಟರ್. ಅಂದರೆ ಸುಮಾರು 270 ಚದರ ಅಡಿ. ಆ ದುಡ್ಡು ನೆಚ್ಚಿ 600 ಅಡಿಗೆ ಪಾಯ ತೆಗೆದರೆ ಉಳಿದದ್ದು ನಮ್ಮ ತಲೆ ಮೇಲೆ. ಹಣ ಕಂತಿನಲ್ಲಿ, ಕೆಲಸ ಆದಂತೆ ಬರುತ್ತೆ.

ನಿಲ್ಲಿಸುವ ಜಾಗ ಎರಡೇ

ಕೊನೆಗೆ ಖರ್ಚನ್ನು ಮೂರು ಪುಟ ಮಾಡಿ: ಪಾಯ ಒಂದು, ಗೋಡೆ-ಛಾವಣಿ ಕೂಡಿ ಒಂದು, ಗಿಲಾವು-ನೆಲಹಾಸು-ಬಣ್ಣ ಒಂದು. ಪಾಯ ತುಂಬಿ ಒಂದು ಮಳೆಗಾಲ ಬಿಟ್ಟರೆ ನಷ್ಟವಿಲ್ಲ, ತುಂಬಿದ ಮಣ್ಣು ಕೂತು ಗಟ್ಟಿಯಾಗುತ್ತೆ. ಛಾವಣಿ ಆದ ಮೇಲೆ ನಿಲ್ಲಿಸಿದರೂ ಒಳಗೆ ವಾಸ ಮಾಡಬಹುದು, ಗಿಲಾವು ಮುಂದಿನ ವರ್ಷ ಆದೀತು. ನಡುವೆ ಮಾತ್ರ ನಿಲ್ಲಬಾರದು. ಬೆತ್ತಲೆ ಗೋಡೆ ಮಳೆಗೆ ನೆನೆಯುತ್ತೆ, ಹೊರಗೆ ಬಿಟ್ಟ ಸರಳು ತುಕ್ಕು ಹಿಡಿಯುತ್ತೆ, ಸಾಲದ ಬಡ್ಡಿ ಮಾತ್ರ ಬೆಳೆಯುತ್ತೆ.

ಆದ್ದರಿಂದ ಎರಡನೇ ಪುಟದ ಪೂರ್ತಿ ದುಡ್ಡು ಕೈಗೆ ಬರುವ ತನಕ ಮೊದಲ ಬ್ಲಾಕು ಇಡಬೇಡಿ. ಬೀಜ, ಗೊಬ್ಬರ, ಬಿತ್ತನೆ ಕೂಲಿಯ ದುಡ್ಡನ್ನು ಆ ಲೆಕ್ಕಕ್ಕೆ ಸೇರಿಸಲೇಬೇಡಿ. ಮನೆ ಒಂದು ವರ್ಷ ತಡವಾದರೆ ಹಳೇ ಮಾಳಿಗೆಯಲ್ಲೇ ಇರಬಹುದು. ಬಿತ್ತನೆ ಹದ ಹೋದರೆ ಆ ವರ್ಷವೇ ಹೋದಂತೆ.