ನಂಜನಗೂಡು–ತಿರುಮಕೂಡಲು ನರಸೀಪುರ ಸೀಮೆಯ ಹಾಳುಕೋಟೆಗಳೂ ಇಟ್ಟಿಗೆಯ ಸಾಕ್ಷ್ಯವೂ

ಕಪಿಲಾ ಕಾವೇರಿಗಳ ತೀರದ ಈ ಸೀಮೆಯಲ್ಲಿ ಪ್ರಾಚೀನ ದೇವಾಲಯಗಳು ಹೇರಳವಾಗಿವೆ. ಅವನ್ನು ಕಟ್ಟಿಸಿದ ಪ್ರಭುಗಳ ವಾಸಗೃಹಗಳು ಮಾತ್ರ ಕಾಣಸಿಗುವುದಿಲ್ಲ. ಸೋಮನಾಥಪುರವನ್ನೇ ನೋಡಬಹುದು. 13ನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ಆ ದಂಡನಾಯಕನ ಮನೆ ಹೇಗಿತ್ತೆಂದು ತೋರಿಸಬಲ್ಲ ಗೋಡೆ ಒಂದೂ ಅಲ್ಲಿ ನಿಂತಿಲ್ಲ.

ಇದಕ್ಕೆ ಕಾರಣವನ್ನು ಕಟ್ಟಡದ ದ್ರವ್ಯದಲ್ಲಿ ಹುಡುಕಬೇಕು. ಕಲ್ಲು ಮುಖ್ಯವಾಗಿ ದೇವರಿಗೆ ಸಂದಿತು. ಮನುಷ್ಯರು, ಅರಸರೂ ಕೂಡ, ಮಣ್ಣು ಇಟ್ಟಿಗೆ ಮರಗಳ ಮನೆಗಳಲ್ಲಿ ವಾಸಿಸಿದರು. ಹಂಪೆಯ ಅರಮನೆಗಳಲ್ಲಿ ಕಲ್ಲಿನ ಅಧಿಷ್ಠಾನಗಳು ಉಳಿದು ಮೇಲಣ ಕಟ್ಟಡಗಳು ಅಳಿದಿರುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಚಕ್ರವರ್ತಿಗಳ ಮನೆಗೇ ಈ ಗತಿಯಾದ ಮೇಲೆ ಸಣ್ಣ ಪಾಳೆಯಗಾರನ ಕೋಟೆಮನೆಯ ಪಾಡನ್ನು ಹೇಳತಕ್ಕದ್ದೇನಿದೆ?

ಅಂಥ ಮನೆಗಳು ಇಲ್ಲಿ ಇದ್ದವೆಂಬುದಕ್ಕೆ ಐತಿಹ್ಯದ ಬೆಂಬಲವಿದೆ. ಸಂಪ್ರದಾಯವು 1399ಕ್ಕೆ ಇಡುವ ಯದುರಾಯನ ವೃತ್ತಾಂತದ ರಂಗಸ್ಥಳ ನಂಜನಗೂಡು ತಾಲ್ಲೂಕಿನ ಹದಿನಾರು. ಒಡೆಯನಿಲ್ಲದ ಮನೆಯ ರಾಣಿಯನ್ನೂ ಆಕೆಯ ಮಗಳನ್ನೂ ಕಾರುಗಹಳ್ಳಿಯ ನಾಯಕನು ಪೀಡಿಸಿದನೆಂಬ ಆ ಕಥೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ನೆರೆಹೊರೆಯ ಒಡೆಯರು ಪರಸ್ಪರ ಭಯದಿಂದ ಬಾಳುತ್ತಿದ್ದ, ಆದುದರಿಂದ ಮನೆಗೂ ರಕ್ಷಣೆ ಬೇಕಾಗಿದ್ದ ಕಾಲವೊಂದನ್ನು ಅದು ಸೂಚಿಸುತ್ತದೆ. ಅದೇ ತಾಲ್ಲೂಕಿನ ಕಳಲೆಯಾದರೋ, 18ನೆಯ ಶತಮಾನದಲ್ಲಿ ಮೈಸೂರಿನ ಅಧಿಕಾರವನ್ನೇ ಕೈಯಲ್ಲಿ ಹಿಡಿದಿದ್ದ ದಳವಾಯಿ ದೇವರಾಜಯ್ಯ, ನಂಜರಾಜಯ್ಯರ ಮನೆತನದ ಊರು. ಅಲ್ಲಿಯೂ ಪ್ರವಾಸಿಯ ಕಣ್ಣನ್ನು ಮೊದಲು ಸೆಳೆಯುವುದು ಲಕ್ಷ್ಮೀಕಾಂತ ದೇವಾಲಯವೇ.

ಇಟ್ಟಿಗೆಯ ಸಾಕ್ಷ್ಯ ಎಷ್ಟರಮಟ್ಟಿಗೆ ಉಳಿಯಬಲ್ಲದೆಂಬುದನ್ನು ತಲಕಾಡು ತಿಳಿಸುತ್ತದೆ. ಗಂಗರ ರಾಜಧಾನಿಯಾಗಿದ್ದ ಈ ಊರಿನಲ್ಲಿ 1992-93ರಲ್ಲಿ ರಾಜ್ಯದ ಪುರಾತತ್ವ ಇಲಾಖೆಯು ಉತ್ಖನನ ನಡೆಸಿದಾಗ ಇಟ್ಟಿಗೆಯ ಕಟ್ಟಡಗಳ ಅವಶೇಷಗಳು ದೊರೆತವು. ಊರನ್ನು ನುಂಗಿದ ಮರಳೇ, ಹಳೆಯ ಇಟ್ಟಿಗೆ ಅಪಹೃತವಾಗದಂತೆ ಕಾವಲು ನಿಂತಿತೆಂದರೆ ತಪ್ಪಾಗಲಾರದು.

ಮರಳಿನ ಕಾವಲಿಲ್ಲದೆಡೆ ಸಂಶೋಧಕನು ಸಣ್ಣ ಕುರುಹುಗಳನ್ನೇ ಆಶ್ರಯಿಸಬೇಕು. ಊರಂಚಿನ ದಿಬ್ಬ, ಅದನ್ನು ಬಳಸಿದ ತಗ್ಗು, ಉತ್ತಾಗ ಮೇಲೇಳುವ ದಪ್ಪ ಇಟ್ಟಿಗೆಯ ಚೂರು, ಗಾರೆಯ ಹೆಂಟೆ ಇವು ಒಂದೆಡೆ ಸೇರಿದ್ದರೆ ಗಮನಿಸತಕ್ಕದ್ದು. ಕೋಟೆಯ ಬಾಗಿಲಲ್ಲಿ ಆಂಜನೇಯನನ್ನು ಪ್ರತಿಷ್ಠಿಸುವುದು ನಮ್ಮ ನಾಡಿನ ವಾಡಿಕೆ. ಗೋಡೆ ಹೋದರೂ ದೇವರು ಉಳಿದು ಬಾಗಿಲಿನ ಜಾಗವನ್ನು ಹೇಳುವುದುಂಟು. ಕೋಟೆಹೊಲ, ಅರಮನೆದಿಬ್ಬ ಎಂಬಂಥ ಹೆಸರುಗಳೂ ಸಾಕ್ಷ್ಯಗಳೇ. ಇವುಗಳಲ್ಲಿ ಯಾವುದೊಂದೂ ತಾನಾಗಿ ಪ್ರಮಾಣವಾಗದು. ಹಲವು ಕೂಡಿದಲ್ಲಿ ಊಹೆಗೆ ಬಲ ಬರುತ್ತದೆ.

ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿಯೇ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವಾಗಿ ಪ್ರಕಟಿಸಿದರು. ದಿಬ್ಬಗಳಿಗೂ ಅಂಥದೊಂದು ಪಟ್ಟಿ ಬೇಕೆಂದು ನಾವು ಭಾವಿಸುತ್ತೇವೆ. ಹಾಳೂರಿನ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ, ಹಳೆಯ ಇಟ್ಟಿಗೆ ಹೊಸ ಗೋಡೆಗೆ ಆಸರೆ. ಅವನ್ನು ಒಯ್ಯುವ ರೈತನನ್ನು ದೂಷಿಸುವಂತಿಲ್ಲ. ಕಲ್ಲಿನ ಶಾಸನವು ಓದುಗನಿಗಾಗಿ ಶತಮಾನಗಳ ಕಾಲ ಕಾದೀತು. ದಿಬ್ಬವಾದರೋ ಒಂದು ಬೇಸಗೆಯಲ್ಲಿ ಮಟ್ಟವಾಗಿ ಹೋಗುತ್ತದೆ. ಆದ್ದರಿಂದ ಅಳತೆ, ನಕ್ಷೆ, ಇಟ್ಟಿಗೆಯ ಪ್ರಮಾಣ, ಹಿರಿಯರು ಹೇಳುವ ಹೆಸರು ಇಷ್ಟನ್ನಾದರೂ ಅದಕ್ಕೆ ಮೊದಲೇ ಬರೆದಿಡುವುದು ನಮ್ಮ ಕರ್ತವ್ಯ.