ಹೊಳೆ ನೀರಿನಲ್ಲಿ ಔಷಧಿಗೆ ಬಗ್ಗದ ರೋಗಾಣು



ನಮ್ಮ ಬೀದರ್ ಜಿಲ್ಲೆ ದಾಟಿ ತೆಲಂಗಾಣಕ್ಕೆ ಹೋಗುವ ಮಾಂಜ್ರಾ ನದಿಯನ್ನು ಮುಂದೆ ನಕ್ಕವಾಗು ಎಂಬ ಹಳ್ಳ ಸೇರುತ್ತದೆ. ಈ ಹಳ್ಳ ಬರುವುದು ಹೈದರಾಬಾದ್ ಹತ್ತಿರದ ಪಟಾನ್‌ಚೆರು ಕಡೆಯಿಂದ. ಅಲ್ಲಿ ಔಷಧಿ ಕಾರ್ಖಾನೆಗಳು ಬಹಳ. ಸುಮಾರು 90 ಕಾರ್ಖಾನೆಗಳ ಕೊಳೆ ನೀರು ಒಂದೇ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಸ್ವೀಡನ್ ದೇಶದ ವಿಜ್ಞಾನಿಗಳು ಆ ಘಟಕದಿಂದ ಹೊರಬಿಟ್ಟ ನೀರನ್ನು ಪರೀಕ್ಷಿಸಿ 2007ರಲ್ಲಿ ವರದಿ ಕೊಟ್ಟರು. ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಸಿನ್ ಇತ್ತು. ಇದು ಆಂಟಿಬಯೋಟಿಕ್. ಗುಳಿಗೆ ತಿಂದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ! ಸ್ವೀಡನ್ ಜನರೆಲ್ಲ ಸೇರಿ 5 ದಿನದಲ್ಲಿ ತಿನ್ನುವಷ್ಟು ಔಷಧಿ ಅಲ್ಲಿ ಒಂದೇ ದಿನದಲ್ಲಿ ನೀರಿಗೆ ಹೋಗುತ್ತಿತ್ತು.

"ನೀರಿನಲ್ಲಿ ಔಷಧಿ ಇದ್ದರೆ ಒಳ್ಳೆಯದೇ ಅಲ್ವಾ ಸಿಸ್ಟರ್, ರೋಗಾಣು ಸಾಯ್ತವೆ" ಅಂತ ನೀವು ಕೇಳಬಹುದು. ಸಾಯುತ್ತವೆ, ಆದರೆ ಎಲ್ಲವೂ ಅಲ್ಲ. ಗಟ್ಟಿ ಇದ್ದವು ಉಳಿದು ಅವೇ ಹೆಚ್ಚುತ್ತವೆ. ಅಷ್ಟೇ ಅಲ್ಲ, ಒಬ್ಬಾಕೆ ಕಲಿತ ಹೊಲಿಗೆಯನ್ನು ಪಕ್ಕದ ಮನೆಯಾಕೆಗೆ ಕಲಿಸಿದ ಹಾಗೆ, ಔಷಧಿಯಿಂದ ತಪ್ಪಿಸಿಕೊಳ್ಳುವ ಗುಣವನ್ನು ಒಂದು ರೋಗಾಣು ಬೇರೆ ಜಾತಿಯ ರೋಗಾಣುವಿಗೂ ದಾಟಿಸುತ್ತದೆ.

ಕಾರ್ಖಾನೆ ಇಲ್ಲದ ಕಡೆಯೂ ಇದು ಇದೆ. ದೊಡ್ಡ ಆಸ್ಪತ್ರೆಯ ಬೆಲೆಬಾಳುವ ಇಂಜೆಕ್ಷನ್‌ಗೂ ಜಗ್ಗದಂತೆ ಮಾಡುವ ಎನ್.ಡಿ.ಎಂ.-1 ಎಂಬ ಗುಣಾಣು ದೆಹಲಿಯ 50 ನಲ್ಲಿ ನೀರಿನ ಮಾದರಿಗಳ ಪೈಕಿ 2ರಲ್ಲಿ, ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ ಸಿಕ್ಕಿತೆಂದು 2011ರಲ್ಲಿ ವರದಿಯಾಯಿತು. ನಾವು ತಿಂದ ಆಂಟಿಬಯೋಟಿಕ್‌ನ ಒಂದು ಭಾಗ ಮೂತ್ರದಲ್ಲಿ ಹಾಗೇ ಹೊರಬರುತ್ತದೆ. ಮಲದ ಜೊತೆ ರೋಗಾಣುಗಳೂ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ.

ಇಂಥ ರೋಗಾಣು ತಗಲಿದರೆ ಬಾಣಂತಿಯ ನಂಜು, ಹಸುಗೂಸಿನ ಜ್ವರ, ನಮ್ಮ ಹೆಣ್ಣುಮಕ್ಕಳಿಗೆ ಪದೇ ಪದೇ ಬರುವ ಉರಿಮೂತ್ರ ಸಾಮಾನ್ಯ ಗುಳಿಗೆಗೆ ವಾಸಿಯಾಗುವುದಿಲ್ಲ. ಜೀವಕ್ಕೇ ಅಪಾಯ. ಆಸ್ಪತ್ರೆ ಖರ್ಚಿಗೆ ಸಂಘದಿಂದ ಸಾಲ ಎತ್ತಿದವರಿಗೆ ಬಿಲ್ ಹೇಗೆ ಬೆಳೆಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆ ನೀರನ್ನು ತಡೆಯಬೇಕಾದವರು ಕಾರ್ಖಾನೆಯವರು ಮತ್ತು ಸರ್ಕಾರ. ಈ ಭಾರವನ್ನೂ ಹೆಂಗಸರ ತಲೆಗೇ ಕಟ್ಟುವುದು ನ್ಯಾಯವಲ್ಲ ಎಂದು ನಮ್ಮ ಅಭಿಪ್ರಾಯ. ಊರ ಚರಂಡಿ ನೇರ ಹಳ್ಳಕ್ಕೆ ಹೋಗುತ್ತಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಮನೆಯಲ್ಲಿ ನಮ್ಮ ಕೈಲಿರುವುದೂ ಇದೆ. ಹೊಳೆ, ಬಾವಿಯ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಔಷಧಿಗೆ ಬಗ್ಗದ ರೋಗಾಣುವೂ ಬೆಂಕಿಗೆ ಸಾಯುತ್ತದೆ (ಕಾರ್ಖಾನೆಯ ರಾಸಾಯನಿಕ ಮಾತ್ರ ಕುದಿಸಿದರೂ ಹೋಗುವುದಿಲ್ಲ). ನೆಗಡಿಗೆ ಆಂಟಿಬಯೋಟಿಕ್ ಕೆಲಸವನ್ನೇ ಮಾಡುವುದಿಲ್ಲ. ಮಗುವಿಗೆ ಭೇದಿಯಾದರೆ ಮೊದಲು ಓ.ಆರ್.ಎಸ್. ಕುಡಿಸಿ; ರಕ್ತ ಬಿದ್ದರೆ, ಮಗು ಸೊರಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೆಡಿಕಲ್ ಶಾಪಿನಲ್ಲಿ "ಎರಡು ಗುಳಿಗೆ ಕೊಡ್ರಿ" ಅಂತ ಕೇಳಿ ತರುವುದು, ಪಕ್ಕದವರ ಉಳಿದ ಗುಳಿಗೆ ನುಂಗುವುದು ಬೇಡ. ಡಾಕ್ಟರ್ ಬರೆದುಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ತಿನ್ನಿ. ಉಳಿದದ್ದನ್ನು ಚರಂಡಿಗೆ ಎಸೆಯಬೇಡಿ.

ಆಂಟಿಬಯೋಟಿಕ್ ಗುಳಿಗೆಯ ಪಟ್ಟಿ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಬೇರೆ ಕೆಲವು ಔಷಧಿಗಳಿಗೂ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬಾರದು ಎಂಬುದಕ್ಕೆ ಅದೇ ಗುರುತು. ಮುಂದಿನ ವಾರದ ಸಭೆಗೆ ಬರುವಾಗ ಮನೆಯಲ್ಲಿ ಉಳಿದ ಪಟ್ಟಿಗಳನ್ನು ತನ್ನಿ. ಎಷ್ಟರ ಮೇಲೆ ಕೆಂಪು ಗೆರೆ ಇದೆ ಅಂತ ಕೂಡಿ ನೋಡೋಣ.